ಶ್ರೀಕಂಠ ಕೇಳಿಸಿಕೊಂಡ ವರದಿ

ಕಂಪನಿಗಳಿಗೆ ಸಸ್ಟೈನಬಿಲಿಟಿ ರಿಪೋರ್ಟ್ ಬರೆದುಕೊಡುವುದು ನನ್ನ ಕೆಲಸವಾಗಿತ್ತು. ಅದೇನೆಂದು ನಮ್ಮ ನೆಂಟರಲ್ಲಿ ಅರ್ಧ ಜನಕ್ಕೆ ಇವತ್ತಿಗೂ ಅರ್ಥವಾಗಿಲ್ಲ. ಒಂದು ಕಾರ್ಖಾನೆ ವರ್ಷದಲ್ಲಿ ಎಷ್ಟು ನೀರು ಬಳಸಿತು, ಎಷ್ಟು ಹೊಗೆ ಬಿಟ್ಟಿತು, ಕಸವನ್ನು ಏನು ಮಾಡಿತು, ಕೆಲಸಗಾರರನ್ನು ಹೇಗೆ ನೋಡಿಕೊಂಡಿತು, ಸುತ್ತಲಿನ ಊರಿಗೆ ಏನು ಮಾಡಿತು ಎಂದು ಷೇರುದಾರರಿಗೂ ಸರ್ಕಾರಕ್ಕೂ ಒಪ್ಪಿಸುವ ವರದಿ ಅದು. ಅಂಕಿಗಳು ಕಂಪನಿಯವು. ಅವುಗಳ ಸುತ್ತ ಇಂಗ್ಲಿಷಿನಲ್ಲಿ ಮಾತು ಹೊಂದಿಸುವವಳು ನಾನು. ಮಾತು, ಅಂಕಿ, ಚಿತ್ರ ಎಲ್ಲವನ್ನೂ ಪುಟಕ್ಕೆ ಕೂರಿಸುವವರು ಶ್ರೀಕಂಠ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಗುಂಡಿ, ದಾರ, ಲೇಸು ಮಾರುವ ಅಂಗಡಿಯ ಮೇಲೆ ಒಂದು ಕೋಣೆ ಬಾಡಿಗೆಗೆ ಹಿಡಿದು ನಾವಿಬ್ಬರೂ ವರ್ಷಗಟ್ಟಲೆ ಈ ಕೆಲಸ ಮಾಡಿದೆವು. ಈಗ ಅಲ್ಲಿ ಟ್ಯೂಷನ್ ನಡೆಯುತ್ತದೆ.

ಈಚೆಗೆ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಬಹಳ. ಅದಕ್ಕೆಂದೇ ಕೋರ್ಸುಗಳೂ ಇವೆಯಂತೆ. ಕೆಲವರು ಫೋನ್ ಮಾಡಿ ಏನು ಕಲಿಯಬೇಕು ಎಂದು ಕೇಳುತ್ತಾರೆ. ಯಾವ ನಿಯಮಕ್ಕೆ ಯಾವ ಕೋಷ್ಟಕ ಎನ್ನುವುದನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ನನ್ನ ಹತ್ತಿರ ಅವರಿಗೆ ಹೇಳಲು ಉಳಿದಿರುವುದು ನಾವು ಮಾಡಿದ ಎಡವಟ್ಟುಗಳು, ನಮ್ಮನ್ನು ತಿದ್ದಿದವರು, ಮತ್ತೆ ಶ್ರೀಕಂಠ.

ನಮ್ಮ ದೊಡ್ಡ ಗಿರಾಕಿ ಪಂಪು ತಯಾರಿಸುವ ಒಂದು ಕಂಪನಿ. ಆಫೀಸು ಜೆ.ಪಿ. ನಗರದಲ್ಲಿ, ಕಾರ್ಖಾನೆಗಳು ಊರ ಹೊರಗೆ. ವರದಿಯ ಉಸ್ತುವಾರಿ ರಾವ್ ಎಂಬ ಹಿರಿಯ ಇಂಜಿನಿಯರರದು. ನನ್ನ ಮೊದಲ ಕರಡಿನಲ್ಲಿ, ಈ ಕಾರ್ಖಾನೆ ಒಂದು ಹನಿ ಕೊಳಕು ನೀರನ್ನೂ ಹೊರಗೆ ಬಿಡುವುದಿಲ್ಲ ಎಂದು ಬರೆದಿದ್ದೆ. ರಾವ್ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಕಾರ್ಖಾನೆಯ ಹಿಂಭಾಗಕ್ಕೆ ಕರೆದುಕೊಂಡು ಹೋದರು. ಕಾಂಪೌಂಡಿನ ಬುಡದಲ್ಲಿ ಮಳೆನೀರಿನ ಚರಂಡಿಯೊಂದು ಹೊರಗೆ ಹರಿಯುತ್ತಿತ್ತು. ನೀರಿನ ಮೇಲೆ ಎಣ್ಣೆಯ ತೆಳು ಪದರ ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು. ಲಾರಿ ನಿಲ್ಲುವ ಅಂಗಳದಿಂದ ಬಂದದ್ದು ಅದು.

"ಹನಿ ಅಂತ ಬರೆಯೋ ಮುಂಚೆ ಬಂದು ಹನಿ ನೋಡ್ಬೇಕು ಕಣಮ್ಮ," ಎಂದರು ರಾವ್. ಆ ವರ್ಷ ಆ ವಾಕ್ಯ ಹೋಗಿ ಅದರ ಜಾಗದಲ್ಲಿ ಅಂಗಳದ ಎಣ್ಣೆಯ ವಿಷಯ ಬಂತು. ಮುಂದಿನ ವರ್ಷ ಅಂಗಳಕ್ಕೆ ಎಣ್ಣೆ ತಡೆಯುವ ತೊಟ್ಟಿ ಬಂತು. ವರದಿಯಲ್ಲಿ ಬರೆದದ್ದರಿಂದ ಒಂದು ತೊಟ್ಟಿ ಕಟ್ಟಿಸಬಹುದು ಎಂದು ನನಗೆ ನಂಬಿಕೆ ಹುಟ್ಟಿದ್ದು ಆಗಲೇ.

ಶ್ರೀಕಂಠ ಈ ಕೆಲಸಕ್ಕೆ ಬರುವ ಮೊದಲು ಬ್ಲೇಡಿನಿಂದ ಅಕ್ಷರದ ಪಟ್ಟಿ ಕತ್ತರಿಸಿ ಅಂಟಿಸಿ ಪುಟ ಕಟ್ಟುತ್ತಿದ್ದ ಕಾಲದವರು. ಕಂಪ್ಯೂಟರ್ ಬಂದಾಗ ಗೊಣಗದೆ ಕಲಿತರು. ನನಗಿಂತ ಎರಡು ವರ್ಷ ದೊಡ್ಡವರು, ಆದರೂ ಇವತ್ತಿಗೂ ನನ್ನನ್ನು ಬಹುವಚನದಲ್ಲೇ ಮಾತನಾಡಿಸುತ್ತಾರೆ. ಎರಡು ಗೆರೆಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ದೂರದಿಂದಲೇ ಹೇಳಿಬಿಡುತ್ತಿದ್ದರು. ಎಲ್ಲ ಕಂಪನಿಗಳೂ ಇಂಥ ವರದಿಗೆ ಒಂದೇ ಥರದ ಹಸಿರು ಹಾಕುತ್ತವೆ ಎಂದು ಅವರಿಗೆ ಬೇಸರ. ಒಂದು ವರ್ಷ ಮಾರ್ಕೆಟ್ಟಿನಿಂದ ದಂಟು, ಮೆಂತ್ಯ, ಪಾಲಕ್ ಒಂದೊಂದು ಕಟ್ಟು ತಂದು ಮೇಜಿನ ಮೇಲೆ ಹರವಿ, ಬಿಸಿಲು ಬೀಳುವ ಕಿಟಕಿಯ ಹತ್ತಿರ ಒಂದೊಂದನ್ನೇ ಹಿಡಿದು ನೋಡಿ, ಕೊನೆಗೆ ಮೆಂತ್ಯದ ಬಣ್ಣ ಆರಿಸಿದರು. ಆ ಸಂಜೆ ಸೊಪ್ಪನ್ನು ಇಬ್ಬರೂ ಹಂಚಿಕೊಂಡು ಮನೆಗೆ ಒಯ್ದೆವು. ಆ ವರದಿಯನ್ನು ಮರುಬಳಕೆಯ ಕಾಗದದ ಮೇಲೆ ಅಚ್ಚು ಹಾಕಿಸಿದಾಗ ಕಾಗದ ಶಾಯಿಯನ್ನೆಲ್ಲ ಕುಡಿದು ಮೆಂತ್ಯ ಸಗಣಿಯ ಬಣ್ಣಕ್ಕೆ ತಿರುಗಿತು. ಬನಶಂಕರಿಯ ಪ್ರೆಸ್ಸಿನಲ್ಲಿ ಮಷಿನಿನವರ ಪಕ್ಕದಲ್ಲೇ ಇಡೀ ದಿನ ನಿಂತು, ಹಾಳೆ ಹಾಳೆ ನೋಡಿ, ಅದನ್ನು ಮತ್ತೆ ಮೆಂತ್ಯ ಮಾಡಿಸಿಕೊಂಡೇ ಬಂದರು.

ನಾನು ಬರೆದದ್ದನ್ನು ಮಾತ್ರ ಅವರು ಎಂದೂ ಓದುತ್ತಿರಲಿಲ್ಲ. ಕೇಳಿದರೆ, ನಿಮ್ಮ ಮಾತು ನನಗೆ ಬೂದು ಬಣ್ಣದ ಇಟ್ಟಿಗೆ, ಎಲ್ಲಿ ಜೋಡಿಸಬೇಕು ಅಂತಷ್ಟೇ ನನ್ನ ಯೋಚನೆ, ಅನ್ನುತ್ತಿದ್ದರು. ಪುಟ ಕಟ್ಟುವವರೆಲ್ಲ ಹೀಗೆಯೇ. ನಾನು ಬೇಸರಪಟ್ಟುಕೊಂಡಿರಲಿಲ್ಲ.

ಅವರಿಗೆ ಏನೋ ಆಗುತ್ತಿದೆ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು. ಕೈ ಪಕ್ಕದಲ್ಲಿಟ್ಟ ಕಾಫಿ ಲೋಟಕ್ಕೆ ಕೈ ತಗುಲಿಸಿ ಚೆಲ್ಲುತ್ತಿದ್ದರು. ಅಂಗಡಿಯ ಮೆಟ್ಟಿಲು ತಪ್ಪುತ್ತಿದ್ದರು. ಫುಟ್‌ಪಾತಿನಲ್ಲಿ ಎದುರು ಬಂದವರಿಗೆ ಭುಜ ತಾಗಿಸಿ ಸಾರಿ ಕೇಳುತ್ತಿದ್ದರು. ನಾವು ವಯಸ್ಸನ್ನು ಬೈದುಕೊಂಡು ನಗುತ್ತಿದ್ದೆವು.

ಅದೇ ಸಮಯದಲ್ಲಿ ಪಂಪು ಕಂಪನಿಯ ವರದಿಯಲ್ಲಿ ನೀರಿನ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಅಡಿಟಿಪ್ಪಣಿ ಇತ್ತು. ಕಂಪನಿ ಹೊಸದಾಗಿ ಕೊಂಡ ಕಾರ್ಖಾನೆಯ ನೀರು ಈ ಲೆಕ್ಕದಲ್ಲಿ ಸೇರಿಲ್ಲ ಎನ್ನುವ ಟಿಪ್ಪಣಿ. ಕೊನೆಯ ಸುತ್ತಿನ ತಿದ್ದುಪಡಿಯಲ್ಲಿ ಶ್ರೀಕಂಠ ಮೇಲಿನ ಚಿತ್ರವನ್ನು ಸ್ವಲ್ಪ ದೊಡ್ಡದು ಮಾಡಿದರು. ಟಿಪ್ಪಣಿ ಜಾರಿ ಪುಟದ ಅಂಚಿನಿಂದ ಆಚೆಗೆ ಹೋಯಿತು. ಅವರು ಗಮನಿಸಲಿಲ್ಲ. ಹಿಂದಿನ ಸುತ್ತಿನಲ್ಲಿ ಸರಿಯಿದ್ದ ಪುಟವೆಂದು ನಾನೂ ಮತ್ತೆ ತೆರೆಯಲಿಲ್ಲ. ಅಚ್ಚಾದ ಮೇಲೆ ಹೊರಗಿನ ಪರಿಶೀಲಕರ ಕಣ್ಣಿಗೆ ಬಿತ್ತು. ಟಿಪ್ಪಣಿ ಇಲ್ಲದೆ ಓದಿದರೆ ಕಂಪನಿ ನೀರಿನ ಬಳಕೆಯನ್ನು ಕಡಿಮೆ ಮಾಡಿ ತೋರಿಸಿದಂತೆ ಇತ್ತು. ಪ್ರತಿಗಳನ್ನೆಲ್ಲ ರದ್ದಿಗೆ ಹಾಕಿದರು.

ರಾವ್ ನಮ್ಮನ್ನು ಕರೆಸಿದರು. ಮೇಜಿನ ಮೇಲೆ ಆ ಪುಟ ಇಟ್ಟು, ಟಿಪ್ಪಣಿ ಎಲ್ಲಿರಬೇಕಿತ್ತು ತೋರಿಸಿ ಎಂದರು. ಶ್ರೀಕಂಠ ಪುಟದ ಮೇಲೆ ಬಗ್ಗಿದರು. ಕಣ್ಣಾಡಿಸಲಿಲ್ಲ. ಇಡೀ ತಲೆಯನ್ನು ಮೆಲ್ಲಗೆ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ತಿರುಗಿಸುತ್ತಾ, ಕತ್ತಲ ಕೋಣೆಯಲ್ಲಿ ಟಾರ್ಚ್ ಬಿಟ್ಟು ಹುಡುಕುವವರ ಹಾಗೆ ಹುಡುಕಿದರು. ರಾವ್ ಬೈಯಲೆಂದೇ ಕರೆಸಿದ್ದರು. ಅದನ್ನು ನೋಡಿ ಪುಟವನ್ನು ತಮ್ಮ ಕಡೆಗೆ ಎಳೆದುಕೊಂಡು ಮಡಚಿಟ್ಟರು.

"ಶ್ರೀಕಂಠ, ನಮ್ಮ ತಾಯಿ ಹೀಗೇ ನೋಡ್ತಿದ್ರು. ಮೊದಲು ಹೋಗಿ ಕಣ್ಣು ತೋರಿಸ್ಕೊಳ್ಳಿ. ವರದಿ ಆಮೇಲೆ."

ಜಯನಗರದ ಒಂದು ಕಣ್ಣಾಸ್ಪತ್ರೆಗೆ ನಾನೂ ಅವರ ಹೆಂಡತಿ ಗಿರಿಜಾ ಅವರೂ ಜೊತೆಗೆ ಹೋದೆವು. ಗ್ಲೂಕೋಮಾ ಎಂದರು ಡಾಕ್ಟರು. ಕಣ್ಣಿನ ಒಳಗಿನ ಒತ್ತಡ ಹೆಚ್ಚಾಗಿ ನರ ಸಾಯುತ್ತಾ ಬರುತ್ತದೆ, ನೋವಿರುವುದಿಲ್ಲ, ನೋಟ ಅಂಚಿನಿಂದ ಶುರುವಾಗಿ ಒಳಕ್ಕೆ ಹೋಗುತ್ತದೆ, ಅದಕ್ಕೇ ಬಹಳ ಜನ ತಡವಾಗಿ ಬರುತ್ತಾರೆ ಎಂದು ಬಿಡಿಸಿ ಹೇಳಿದರು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳೋಣ ಎಂದು ಹನಿ ಔಷಧಿ ಬರೆದುಕೊಟ್ಟರು. ಉಳಿದಿದ್ದೇ ಸ್ವಲ್ಪ ಎಂದು ಅವರ ದನಿಯಲ್ಲೇ ಗೊತ್ತಾಯಿತು.

ಹೊರಗೆ ಆಟೋಗೆ ಕಾಯುತ್ತಿದ್ದಾಗ ಶ್ರೀಕಂಠ ನನ್ನ ಕಡೆ ತಿರುಗಿ, "ಬೇರೆ ಗಿರಾಕಿಗಳಿಗೆ ಹೇಳ್ಬೇಡಿ ವಿಜಯಾ ಅವ್ರೇ. ಕಣ್ಣು ಹೋಗ್ತಿರೋ ಡಿಸೈನರ್‌ಗೆ ಯಾರು ಕೆಲಸ ಕೊಡ್ತಾರೆ?" ಎಂದರು. ಗಿರಿಜಾ ಮುಖ ಆಚೆ ತಿರುಗಿಸಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡರು.

ಆ ವಾರ ಗಿರಿಜಾ ನನಗೆ ಫೋನ್ ಮಾಡಿ, ಇವರಿಗೆ ಕೆಲಸ ಬಿಟ್ಟುಬಿಡಿ ಅಂತ ನೀವಾದರೂ ಹೇಳಿ, ಆ ಸ್ಕ್ರೀನ್ ನೋಡಿ ನೋಡಿಯೇ ಹೀಗಾಗಿದೆ ಎಂದರು. ಹಾಗಲ್ಲ ಎಂದು ಡಾಕ್ಟರು ಹೇಳಿದ್ದರೂ ಅವರ ಮನಸ್ಸು ಒಪ್ಪಿರಲಿಲ್ಲ. ಶ್ರೀಕಂಠ ಸ್ವಲ್ಪ ಕಾಲ ಕತ್ರಿಗುಪ್ಪೆಯ ಮನೆಯಲ್ಲೇ ಉಳಿದರು. ಆಮೇಲೆ ಗಿರಿಜಾ ಅವರೇ ಒಂದು ಬೆಳಿಗ್ಗೆ ಅವರನ್ನು ಕೈಹಿಡಿದು ನಮ್ಮ ಕೋಣೆಯ ಮೆಟ್ಟಿಲು ಹತ್ತಿಸಿಕೊಂಡು ಬಂದರು. ಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿರುತ್ತಾರೆ ಅಕ್ಕ, ನನಗೆ ನೋಡಕ್ಕಾಗಲ್ಲ, ಇಲ್ಲೇ ಇರಲಿ ಎಂದು ಮೆಲ್ಲಗೆ ಹೇಳಿ ಇಳಿದು ಹೋದರು.

ಅಲ್ಲಿಂದಾಚೆಗೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ನಾನು ಅವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಪುಟದ ನಡುಭಾಗ ಅವರಿಗೆ ಕಾಣುತ್ತಿತ್ತು, ಸುತ್ತಲಿನದು ನನ್ನ ಪಾಲು. ಕೆಳಗೆ ಎರಡು ಟಿಪ್ಪಣಿ ಇವೆ, ಪುಟದ ಸಂಖ್ಯೆ ಎಡಕ್ಕೆ ಜರುಗಿದೆ, ಬಲಗಡೆಯ ಚಿತ್ರ ಗೆರೆ ಮೀರಿದೆ ಎಂದು ನಾನು ಹೇಳುತ್ತಿದ್ದೆ. ಅವರು ಸರಿಸುತ್ತಿದ್ದರು. ಮೊದಮೊದಲು ನನಗೆ ಹೇಳಲು ಬರುತ್ತಿರಲಿಲ್ಲ. ಚೆನ್ನಾಗಿದೆ ಎಂದರೆ, ಚೆನ್ನಾಗಿದೆ ಅಂದ್ರೆ ನನಗೇನೂ ಕಾಣಲ್ಲ, ಏನಿದೆ ಅದು ಹೇಳಿ ಅನ್ನುತ್ತಿದ್ದರು. ನಿಧಾನವಾಗಿ ಕಲಿತೆ. ಆ ಥರ ಮಾಡಿದ ವರದಿಗಳಲ್ಲಿ ಒಂದು ತಪ್ಪೂ ಹೊರಗೆ ಹೋಗಲಿಲ್ಲ. ಆದರೆ ಕಾಣುವ ನಡುಭಾಗ ಪ್ರತಿ ವರ್ಷ ಚಿಕ್ಕದಾಗುತ್ತಾ ಬಂತು. ಬಣ್ಣ ಆರಿಸುವುದನ್ನು ಅವರು ತಾವಾಗಿಯೇ ನನಗೆ ಬಿಟ್ಟರು. ಅದನ್ನು ಬಿಟ್ಟುಕೊಟ್ಟ ದಿನ ಮಧ್ಯಾಹ್ನದ ಡಬ್ಬಿ ಬಿಚ್ಚಲಿಲ್ಲ.

ಅಷ್ಟರಲ್ಲಿ ರಾವ್ ನಿವೃತ್ತರಾದರು. ಅವರ ಜಾಗಕ್ಕೆ ಪ್ರಜ್ವಲ್ ಎಂಬ ಹುಡುಗ ಬಂದ. ಅಚ್ಚು ನಿಂತಿತು, ವರದಿ ಕಂಪ್ಯೂಟರಿನಲ್ಲಿ ಮಾತ್ರ ಎಂದಾಯಿತು. ಜೊತೆಗೆ ಹೊಸದೊಂದು ಬೇಡಿಕೆ ಬಂತು. ಕಣ್ಣಿಲ್ಲದವರು ಕಂಪ್ಯೂಟರಿನ ದನಿಯಲ್ಲಿ ವರದಿಯನ್ನು ಕೇಳಿಸಿಕೊಳ್ಳುವಂತೆ ಇರಬೇಕು, ಪ್ರತಿ ಚಿತ್ರದ ಹಿಂದೆ ಅದರಲ್ಲಿ ಏನಿದೆ ಎಂಬ ವಿವರಣೆಯನ್ನು ಬರೆದು ಸೇರಿಸಬೇಕು. ಆ ವಿವರಣೆ ಕಣ್ಣಿರುವವರಿಗೆ ಕಾಣುವುದಿಲ್ಲ, ಯಂತ್ರದ ದನಿ ಮಾತ್ರ ಅದನ್ನು ಓದುತ್ತದೆ. ಪ್ರಜ್ವಲ್ ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಶ್ರೀಕಂಠ ತಮ್ಮ ಕಣ್ಣಿನ ವಿಷಯವನ್ನು ತಾವೇ ಅವನಿಗೆ ಹೇಳಿದರು. ಕೆಲಸ ಹೋಗುತ್ತದೆ ಎಂದುಕೊಂಡೆ. ಹುಡುಗ, ಹಾಗಾದರೆ ನಿಮಗಿಂತ ಚೆನ್ನಾಗಿ ಇದನ್ನ ಯಾರು ನೋಡ್ತಾರೆ ಸಾರ್ ಎಂದುಬಿಟ್ಟು, ನೋಡ್ತಾರೆ ಎಂದದ್ದಕ್ಕೆ ತಾನೇ ನಾಚಿ ಕೆಂಪಾದ.

ಶ್ರೀಕಂಠ ಆ ದನಿಯ ಜೊತೆ ಕೆಲಸ ಮಾಡುವುದನ್ನು ಹಠ ಹಿಡಿದು ಕಲಿತರು. ನಮ್ಮ ಹಳೆಯ ವರದಿಗಳನ್ನು ಅದಕ್ಕೆ ಕೊಟ್ಟು ಕೇಳಿದರು. ಎರಡು ಕಾಲಂಗಳನ್ನು ಅದು ಅಡ್ಡಡ್ಡ ಓದುತ್ತಿತ್ತು. ಚಿತ್ರ ಬಂದಲ್ಲೆಲ್ಲ ಇಮೇಜ್, ಇಮೇಜ್ ಎಂದು ಹೇಳಿ ಮುಂದೆ ಹೋಗುತ್ತಿತ್ತು. ಅವರು ಅಷ್ಟು ಆಸ್ಥೆಯಿಂದ ಬಿಡಿಸಿದ ನಕ್ಷೆಗಳೆಲ್ಲ ಅದಕ್ಕೆ ಬರೀ ಇಮೇಜ್. ಮಾರನೆಯ ದಿನದಿಂದ ಹೊಸ ವರದಿಯನ್ನು ಕಿವಿಗೆ ಸರಿಯಾಗಿ ಬರುವಂತೆ ಕಟ್ಟಲು ಶುರು ಮಾಡಿದರು.

ಹೀಗೆ ನನ್ನ ಬರವಣಿಗೆಯನ್ನು ಅವರು ಮೊದಲ ಸಲ ಪೂರ್ತಿ ಕೇಳಿಸಿಕೊಂಡದ್ದು. ಒಂದು ಮಧ್ಯಾಹ್ನ ದನಿಯನ್ನು ನಿಲ್ಲಿಸಿ, ಇದನ್ನೆಲ್ಲ ನೀವೇ ಬರೆದದ್ದಾ ಎಂದು ಕೇಳಿದರು. ಹೌದೆಂದೆ. ಇಷ್ಟು ವರ್ಷ ಓದಲೇ ಇಲ್ಲವಲ್ಲ ಎಂದು ಪೇಚಾಡಿಕೊಂಡರು. ಆಮೇಲೆ ಕೆರೆಯ ಪುಟಕ್ಕೆ ಬಂದರು.

ಗೊಟ್ಟಿಗೆರೆ ದಾಟಿ ಒಳಗೆ ಹೋದರೆ ಸಿಗುವ ಒಂದು ಸಣ್ಣ ಕೆರೆಯನ್ನು ಕಂಪನಿ ಕೆಲವು ವರ್ಷ ಮೊದಲು ಹೂಳೆತ್ತಿ, ಬೇಲಿ ಹಾಕಿ ಚೊಕ್ಕಟ ಮಾಡಿತ್ತು. ನಾನು ಆಗ ಕಣ್ಣಾರೆ ನೋಡಿಯೇ ಬರೆದಿದ್ದೆ. ಪ್ರತಿ ವರ್ಷ ಆ ಎರಡು ಪುಟ ಸಣ್ಣ ಬದಲಾವಣೆಯೊಂದಿಗೆ ಮುಂದುವರಿಯುತ್ತಿತ್ತು. ಕೆರೆಯ ಮೇಲೆ ಬೆಳ್ಳಕ್ಕಿಗಳು ಇಳಿಯುತ್ತಿರುವ ಬೆಳಗಿನ ಚಿತ್ರವನ್ನು ಶ್ರೀಕಂಠ ಎರಡೂ ಪುಟಗಳಿಗೆ ಹರಡಿ ಕೂರಿಸಿದ್ದರು. ಕಣ್ಣು ಸರಿಯಿದ್ದಾಗ ಅವರು ಪುಟಕ್ಕೆ ಕೂರಿಸಿದ ಕೊನೆಯ ದೊಡ್ಡ ಚಿತ್ರ ಅದು. ಅದಕ್ಕೆ ಈಗ ವಿವರಣೆ ಬರೆಯಬೇಕಿತ್ತು.

"ಒಂದ್ಸಲ ಹೋಗಿ ಬರೋಣ," ಎಂದರು. "ನೋಡದೇ ಹೇಗೆ ಬರೆಯೋದು?"

ಸಾರಕ್ಕಿ ಸಿಗ್ನಲ್ ಹತ್ತಿರ ಆಟೋ ಹಿಡಿದು, ಬನ್ನೇರುಘಟ್ಟ ರಸ್ತೆಯ ಧೂಳಿನಲ್ಲಿ ಹೋದೆವು. ಇಳಿದ ಮೇಲೆ ಅವರು ನನ್ನ ಮೊಣಕೈ ಹಿಡಿದುಕೊಂಡರು. ಬೇಲಿಯ ಹತ್ತಿರ ಬರುವ ಮೊದಲೇ ವಾಸನೆ ಬಂತು. ಅವರ ನಡಿಗೆ ನಿಧಾನವಾಯಿತು. ಕಂಪನಿಯ ಬೋರ್ಡು ಇನ್ನೂ ಇತ್ತು. ಅದರ ಹಿಂದೆ ನೀರು ಕಾಣುತ್ತಿರಲಿಲ್ಲ. ಹೇಳುವುದೋ ಬೇಡವೋ ಎಂದು ತೋಚಲಿಲ್ಲ. ಆ ಬೆಳ್ಳಕ್ಕಿಯ ಚಿತ್ರ ಅವರ ತಲೆಯೊಳಗೆ ಇನ್ನೂ ಹಾಗೆಯೇ ಇದೆಯೆಂದು ನನಗೆ ಗೊತ್ತಿತ್ತು. ಹೊಸ ಚಿತ್ರಗಳು ಇನ್ನು ಹೆಚ್ಚು ಸೇರುವುದಿಲ್ಲವೆಂದೂ ಗೊತ್ತಿತ್ತು.

"ಹೇಳಿ ವಿಜಯಾ ಅವ್ರೇ," ಎಂದರು. "ಆ ಫೋಟೋ ನನಗೆ ನೆನಪಿದೆ, ಅದು ಎಲ್ಲೂ ಹೋಗಲ್ಲ. ಈಗ ಏನಿದೆ ಅದು ಹೇಳಿ."

ಹೇಳಿದೆ. ಮುಕ್ಕಾಲು ಕೆರೆಯ ಮೇಲೆ ಅಂತರಗಂಗೆ ಕಳೆ ಒತ್ತಾಗಿ ಹಬ್ಬಿದೆ, ಹಸಿರು ಹುಲ್ಲುಗಾವಲಿನ ಹಾಗಿದೆ ಎಂದೆ. ಈ ಬದಿಯಲ್ಲಿ ಒಂದು ಪೈಪಿನಿಂದ ಕಪ್ಪು ನೀರು ಬೀಳುತ್ತಿದೆ ಎಂದೆ. ಬೇಲಿ ಒಂದು ಕಡೆ ಬಿದ್ದಿದೆ, ಅಲ್ಲಿಂದ ಕಟ್ಟಡ ಒಡೆದ ಮಣ್ಣು ತಂದು ಸುರಿದಿದ್ದಾರೆ. ದೂರದ ಮೂಲೆಯಲ್ಲಿ ಸ್ವಲ್ಪ ನೀರು ಉಳಿದಿದೆ, ಅಲ್ಲಿ ಎರಡು ಹಕ್ಕಿ ಇವೆ, ಯಾವ ಹಕ್ಕಿ ಅಂತ ನನಗೆ ತಿಳಿಯುತ್ತಿಲ್ಲ. ಅವರು ಮುಖವನ್ನು ಕೆರೆಯ ಕಡೆಗೇ ಇಟ್ಟುಕೊಂಡು ಕೇಳಿದರು. ಯಾವ ಮೂಲೆ, ಎಡವೋ ಬಲವೋ ಎಂದು ಒಂದೇ ಪ್ರಶ್ನೆ ಕೇಳಿದರು. ಬಲ ಎಂದೆ. ತಲೆಯನ್ನು ಆ ಕಡೆ ತಿರುಗಿಸಿ ಸ್ವಲ್ಪ ಹೊತ್ತು ನಿಂತರು.

ಆ ಚಿತ್ರದ ವಿವರಣೆಯನ್ನು ಅವರೇ ಹೇಳಿ ಬರೆಸಿದರು. ಬೆಳಗಿನ ಕೆರೆ, ಬೆಳ್ಳಕ್ಕಿಗಳು ಇಳಿಯುತ್ತಿವೆ. ಇದು ಹಳೆಯ ಚಿತ್ರ. ಕೆರೆ ಈಗ ಹೀಗಿಲ್ಲ. ಯಾರಿಗೂ ಕಾಣದ ಜಾಗ ಅದು, ಹಾಗೇ ಕಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ನಾವಿಬ್ಬರೂ ಮಾತಾಡಿಕೊಂಡು, ಕದ್ದು ಮಾಡುವುದು ಬೇಡ ಎಂದು ಪ್ರಜ್ವಲ್‌ಗೆ ತೋರಿಸಿಯೇ ಕೇಳಿದೆವು. ನನ್ನ ಮನಸ್ಸಿನಲ್ಲಿ ರಾವ್ ಕಟ್ಟಿಸಿದ ತೊಟ್ಟಿ ಇತ್ತು. ನಿಜ ಹೇಳಿದರೆ ಕೆರೆಗೂ ಏನಾದರೂ ಆದೀತು ಎಂದುಕೊಂಡಿದ್ದೆ.

ಪ್ರಜ್ವಲ್ ಎರಡು ದಿನ ಬಿಟ್ಟು ಫೋನ್ ಮಾಡಿದ. ತಾನೂ ಹೋಗಿ ನೋಡಿ ಬಂದೆ ಎಂದ.

"ಸಾರ್ ಹೇಳಿರೋದು ನಿಜ ಮೇಡಂ. ಗೊತ್ತಾದ್ಮೇಲೆ ಆ ಫೋಟೋ ಹಾಕಕ್ಕಾಗಲ್ಲ. ಈ ಮಾತು ಹಾಕಕ್ಕೆ ಮೇಲಿನವರು ಬಿಡಲ್ಲ. ಎರಡೂ ಪೇಜ್ ತೆಗೆಯೋಣ ಅಂದಿದ್ದಾರೆ."

ಕೆರೆ ಕ್ಲೀನ್ ಮಾಡಿಸುತ್ತಾರಾ ಎಂದು ಕೇಳಿದೆ. ನೋಡಿಕೊಳ್ಳುವ ಒಪ್ಪಂದ ಹಿಂದೆಯೇ ಮುಗಿದಿದೆ, ವರದಿಯಲ್ಲೇ ಇಲ್ಲದ ಮೇಲೆ ಮುಂದಿನ ವರ್ಷ ಆ ಕೆರೆಯ ಮಾತು ಮೀಟಿಂಗಿಗೆ ಬರುವುದಿಲ್ಲ ಎಂದ. ಬೋರ್ಡನ್ನೂ ತೆಗೆಸುತ್ತಾರಂತೆ. ಒಳ್ಳೆಯ ಹುಡುಗ. ಸಾರಿ ಮೇಡಂ ಎಂದು ಎರಡೆರಡು ಸಲ ಹೇಳಿದ.

ಅದು ನಮ್ಮ ಕೊನೆಯ ವರದಿ. ಮುಂದಿನ ವರ್ಷದಿಂದ ಅಂಕಿ ತುಂಬಿದರೆ ಪುಟವನ್ನೂ ಮಾತನ್ನೂ ತಾನೇ ಹೊಂದಿಸುವ ಸಾಫ್ಟ್‌ವೇರು ತಂದರು. ನಾವೂ ಕೋಣೆ ಖಾಲಿ ಮಾಡಿದೆವು. ಶ್ರೀಕಂಠ ಅವರಿಗೆ ಈಗ ಬೆಳಕು ಯಾವುದು, ಕತ್ತಲು ಯಾವುದು ಎನ್ನುವಷ್ಟು ಮಾತ್ರ ತಿಳಿಯುತ್ತದೆ. ಕತ್ರಿಗುಪ್ಪೆಗೆ ಆಗಾಗ ಹೋಗಿಬರುತ್ತೇನೆ. ಕೆರೆಯ ವಿಷಯ ನಾವು ಎತ್ತುವುದಿಲ್ಲ. ನಾವು ಮಾಡಿದ್ದು ಸರಿಯೋ ತಪ್ಪೋ ಎಂದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಈ ಕೆಲಸಕ್ಕೆ ಬರುವವರು ನನ್ನನ್ನು ಕೇಳಿದರೆ, ಹೋಗಿ ನೋಡಿ ಬನ್ನಿ ಎಂದಷ್ಟೇ ಹೇಳಬಲ್ಲೆ. ನೋಡಿದ ಮೇಲೆ ಏನಾಗುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ.

ಎರಡು ಪುಟ ತೆಗೆದ ಕರಡು ವಾಪಸ್ಸು ಬಂದ ದಿನ ಶ್ರೀಕಂಠ ಎಂದಿನಂತೆ ದನಿಗೆ ಹಾಕಿ ಕೇಳಿದರು. ಗಿಡ ನೆಟ್ಟ ಪುಟ ಮುಗಿಯಿತು, ಕೆಲಸಗಾರರ ಸುರಕ್ಷತೆಯ ಪುಟ ಶುರುವಾಯಿತು. ಅವರು ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೊಮ್ಮೆ ಕೇಳಿದರು. ಎಲ್ಲಿಯೂ ಒಂದು ಚೂರು ಬಿರುಕಿಲ್ಲದೆ ಆ ದನಿ ಗಿಡದಿಂದ ಹೆಲ್ಮೆಟ್ಟಿಗೆ ದಾಟಿತು.

"ನಾವು ಹೇಳದೇ ಇದ್ದಿದ್ರೆ ಪೇಜ್ ಇರ್ತಿತ್ತು, ಅಲ್ವಾ?"

"ಇರ್ತಿತ್ತು," ಎಂದೆ.

ಕೆಳಗೆ ಅಂಗಡಿಯಲ್ಲಿ ಯಾರೋ ಲೇಸಿಗೆ ಚೌಕಾಸಿ ಮಾಡುತ್ತಿದ್ದರು. ಶ್ರೀಕಂಠ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು, ಕೀಬೋರ್ಡಿನ ಮೇಲೆ ಬೆರಳಿನಿಂದ ಜಾಗ ಹುಡುಕಿಕೊಂಡರು.

"ಎರಡು ಪುಟ ಕಮ್ಮಿ ಆಯ್ತಲ್ಲ, ಮುಂದಿನ ಪುಟದ ನಂಬರೆಲ್ಲ ಬದಲಾಗುತ್ತೆ. ಪರಿವಿಡಿ ಓದಿ, ಸರಿ ಮಾಡ್ತೀನಿ," ಎಂದರು.

ನಾನು ಓದುತ್ತಾ ಹೋದೆ. ಅವರು ಒಂದೊಂದಾಗಿ ಸರಿ ಮಾಡಿದರು. ಸಂಜೆಯಾಗುವ ಹೊತ್ತಿಗೆ ಪುಟಗಳೆಲ್ಲ ಒಂದರ ಹಿಂದೊಂದು ಕೂಡಿಕೊಂಡವು. ನಡುವೆ ಕೆರೆಯೊಂದು ಇತ್ತೆಂದು ಯಾರಿಗೂ ಗೊತ್ತಾಗುವಂತಿರಲಿಲ್ಲ.